ಬೀಗರ ಎದೆ ಒತ್ತಿದ್ದು

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ. ಇದಕ್ಕಿಂತ ಎದೆ ಒತ್ತುವುದು ಸುಲಭ. ಆದರೆ ಅಸಹ್ಯ.

ಅದನ್ನು ಕಲಿಸಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದ ನಮ್ಮ ಅಂಗನವಾಡಿಗೆ ಬಂದಿದ್ದ ನರ್ಸಮ್ಮ. ಅವಳು ತಂದ ರಬ್ಬರ್ ಗೊಂಬೆಗಳು ಊರಿನ ಹೆಂಗಸರ ಬೆವರೆಲ್ಲ ಮೆತ್ತಿಕೊಂಡು ಹಳೇ ಟೈರಿನಂತೆ ನಾರುತ್ತಿದ್ದವು. ಉಸಿರು ನಿಂತು ಬಿದ್ದರೆ ಎಳೆಗೂಸಿಗೆ ಎರಡು ಬೆರಳು, ಮಗುವಿಗೆ ಒಂದು ಅಂಗೈ, ದೊಡ್ಡವರಿಗೆ ಎರಡೂ ಕೈ ಸೇರಿಸಿ ಎದೆಯ ನಡುವೆ ಜೋರಾಗಿ, ಬಿಡದೆ ಒತ್ತಬೇಕು ಎಂದಳು.

"ನಮ್ ಯಜಮಾನ್ರಿಗೆ ಕಾಲಲ್ಲಿ ಒತ್ಬೋದಾ?" ಎಂದೆ.

"ಉಸ್ರಾಡೋರಿಗೆ ಒತ್ಬಾರ್ದು ಕಣಜ್ಜಿ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಗ್ಯಾನ ತಪ್ಪಿ ಬಿದ್ದೋರು ಆಗೊಂದ್ಸಲ ಈಗೊಂದ್ಸಲ ಗೊರಕೆ ಎಳ್ದಂಗೆ ಎಳುದ್ರೆ ಅದು ಉಸ್ರಲ್ಲ, ಒತ್ಲೇಬೇಕು," ಎಂದಳು.

ಆ ಮಾತು ನೆನಪಾದದ್ದು ಮದ್ದೂರಿನ ಛತ್ರದಲ್ಲಿ, ಮೊಮ್ಮಗನ ಮದುವೆಯ ಬೀಗರೂಟದ ದಿನ. ನನ್ನ ಮಗಳ ಮಾವ, ಅಂದರೆ ನನ್ನ ಬೀಗರು, ಮುದ್ದೆ ಬಾಡು ಹೊಡೆದು ಕೈ ತೊಳೆಯಲು ಹೋದವರು ಎಂಜಲೆಲೆಯ ರಾಶಿಯ ಪಕ್ಕದಲ್ಲೇ ದೊಪ್ಪನೆ ಬಿದ್ದರು. ಒಬ್ಬ ಅವರ ಕೈಗೆ ಬೀಗದ ಕೈ ತುರುಕಿದ. ಇನ್ನೊಬ್ಬ ಮೂಗಿಗೆ ಈರುಳ್ಳಿ ಹಿಡಿದ. ಉಳಿದವರು ಫೋನ್ ಹಿಡಿದರು, ಬಾಯಲ್ಲಿ ಇನ್ನೂ ಮೂಳೆ ಚೀಪುತ್ತ. ಥೂ!

"ಏನಿಲ್ಲ, ಕುಡ್ದವ್ನೆ. ಗೊರ್ಕೆ ಒಡೀತಾವ್ನೆ, ಮಲೀಕಳ್ಳಿ ಬುಡಿ," ಎಂದರು ಬೀಗರ ಅಣ್ಣ.

ಭುಜ ಹಿಡಿದು ಅಲುಗಾಡಿಸಿದೆ. ಬೀಗರು ಮಿಸುಕಲಿಲ್ಲ. ಎಷ್ಟೋ ಹೊತ್ತಿಗೆ ಒಂದು ಗೊರಕೆ. ಎಂಜಲು ಮೂಳೆಗಳ ಮೇಲೆಯೇ ಮಂಡಿಯೂರಿದೆ.

"ಅಲ್ಲ ಬೀಗ್ತಿ, ಗಂಡ್ಸಿನ ಎದೆ ಮ್ಯಾಲೆ ಕೈ ಆಕ್ತೀರಲ್ಲ! ಜನ ಏನಂದಾರು?" ಎಂದರು ಅದೇ ಅಣ್ಣ, ಫೋನ್ ಹಿಡಿದೇ.

"ಏನಾರಾ ಅಂದ್ಕಳ್ಳಿ. ವೀಡಿಯೋ ನಿಲ್ಸಿ ಆಂಬುಲೆನ್ಸ್‌ಗೆ ಫೋನ್ ಮಾಡಿ!"

ಒತ್ತಿದೆ. ಬೆವರಿಗೆ ಒದ್ದೆಯಾದ ಅಂಗಿ, ಕಟವಾಯಲ್ಲಿ ಹುಳಿ ನಾತದ ಸಾರು. ಅಂಗೈ ಕೆಳಗೆ ಟಕ್ ಎಂದು ಪಕ್ಕೆಲುಬು ಮುರಿಯಿತು, ಕೋಳಿ ಮೂಳೆ ಮುರಿದಂತೆ. ಕೈ ಬಿಡಲಿಲ್ಲ. ತೋಳು ಸೋತಾಗ ಮುದ್ದೆ ತೊಳಸುತ್ತಿದ್ದ ಅಡುಗೆಯವನನ್ನು ಕೂಗಿದೆ.

"ನಂಗ್ ಬರಾಕಿಲ್ಲ ಕಣವ್ವ."

"ಮುದ್ದೆ ತೊಳ್ಸಾಕ್ ಬತ್ತದಲ್ಲ? ಅದೇ ಜೋರಲ್ಲಿ ಒತ್ಲಾ. ಎದೆ ಪೂರ್ತಿ ಮ್ಯಾಕ್ ಬರ್ಲಿ, ಆಮೇಲೆ ಇನ್ನೊಂದು!"

ಆಂಬುಲೆನ್ಸ್ ಬರುವವರೆಗೂ ಇಬ್ಬರೂ ಸರದಿಯಲ್ಲಿ ಒತ್ತಿದೆವು. ಬಂದವರು ಎದೆಗೆ ಕರೆಂಟು ಕೊಟ್ಟು, ಮಂಡ್ಯಕ್ಕೆ ಒಯ್ದರು. ಬೀಗರು ಅಲ್ಲಿ ಕಣ್ಣು ಬಿಟ್ಟರು.

ಅವರು ಮನೆಗೆ ಬಂದ ಮೇಲೆ ನೋಡಲು ಹೋದೆ. ಅವರಣ್ಣ ಬಂದವರಿಗೆಲ್ಲ ವೀಡಿಯೋ ತೋರಿಸುತ್ತಿದ್ದರು, ತಾವೇ ಉಳಿಸಿದವರಂತೆ. ಮಂಚದಿಂದ ಬೀಗರು, "ಸೀನಕ್ಕಾಗಾಕಿಲ್ಲ ಬೀಗ್ತಿ. ಪಕ್ಕೆ ಮುರುದ್ಬುಟ್ರಲ್ಲ!" ಎಂದರು.

"ಇನ್ನೊಂದ್ ಪಕ್ಕೆ ಅಂಗೇ ಐತೆ. ಒತ್ಲಾ?"

ಅಷ್ಟರಲ್ಲಿ ಮಗಳು ನನಗೆ ಬಾಡಿನ ಸಾರು ತಂದಿಟ್ಟಳು. ತಟ್ಟೆಯಲ್ಲಿ ಒಂದು ಮೂಳೆ. ಕಿವಿಯಲ್ಲಿ ಟಕ್ ಎಂದಿತು. ತಟ್ಟೆ ದೂಡಿ ಮುಖ ತಿರುಗಿಸಿದೆ. ತಿರುಗಿ ನೋಡಿದರೆ, ಡಾಕ್ಟರು ಬಾಡು ಮುಟ್ಟಬೇಡಿ ಎಂದಿದ್ದರೂ ಬೀಗರ ಕೈ ಮಂಚದಿಂದಿಳಿದು ನನ್ನ ತಟ್ಟೆಗೆ ಬರುತ್ತಿತ್ತು.

ಫಟ್ಟನೆ ಬಾರಿಸಿದೆ. "ಈ ಸಲ ಬಿದ್ರೆ ನಿಮ್ಮಣ್ಣನೇ ಒತ್ಲಿ!"