ಶೇಡಬಾಳದ ಸಾಣೆಕಲ್ಲು

ಈ ಸಂಗತಿ ನಡೆದದ್ದು ಕಳೆದ ವರ್ಷದ ಕಬ್ಬಿನ ಹಂಗಾಮಿನಲ್ಲಿ. ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವರ್ಕ್‌ಶಾಪ್ ಫೋರ್‌ಮನ್ ಆಗಿದ್ದ ನಾನು ಅಷ್ಟರಲ್ಲಿ ನಿವೃತ್ತನಾಗಿ ಚಿಕ್ಕೋಡಿಯ ಮನೆಗೆ ಬಂದು ನೆಲೆಸಿದ್ದೆ. ಹುದ್ದೆ ಯಾವುದೂ ಇರಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೆಯ ಬೆಂಚ್ ಗ್ರೈಂಡರ್‌ಗಳನ್ನು ಕೂಡಿಹಾಕುವುದು, ಬಿಚ್ಚುವುದು, ತೊಳೆಯುವುದು, ಮತ್ತೆ ತಿರುಗುವಂತೆ ಮಾಡುವುದು ನನ್ನ ಕೆಲಸ. ಮಂದಿ ಇದನ್ನು ಹವ್ಯಾಸ ಅನ್ನುತ್ತಾರೆ. ನನ್ನ ಹೆಂಡತಿ ಸುಶೀಲಾ ಬೇರೆ ಏನೋ ಅನ್ನುತ್ತಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆಂಚ್ ಗ್ರೈಂಡರ್ ಅಂದರೆ ನಮ್ಮ ಕಡೆಯ ಮಾತಿನಲ್ಲಿ ಸಾಣಿ ಮಷೀನು. ನಡುವೆ ಮೋಟರು, ಅದರ ಎರಡೂ ತುದಿಗೆ ಒಂದೊಂದು ದುಂಡನೆಯ ಸಾಣೆಕಲ್ಲು. ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕೊಯ್ತಾ ಎಲ್ಲಕ್ಕೂ ಇದರಲ್ಲೇ ಹರಿತ. ಈಗ ಬರುವ ಮಷೀನುಗಳನ್ನು ಒಂದೇ ಕೈಯಲ್ಲಿ ಎತ್ತಬಹುದು. ಹಳೆಯವನ್ನು ಎತ್ತಲು ಇಬ್ಬರು ಬೇಕು. ಮೈಯೆಲ್ಲ ಬೀಡು ಕಬ್ಬಿಣ, ಸ್ವಿಚ್ಚು ಆರಿಸಿದ ಮೇಲೂ ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತಲೇ ಇರುತ್ತವೆ. ಅದನ್ನು ನೋಡುತ್ತ ನಿಂತರೆ ನನಗೆ ಊಟದ ನೆನಪಾಗುವುದಿಲ್ಲ. ಇಂಥವು ನನಗೆ ಸಿಕ್ಕಿದ್ದು ನಿಪ್ಪಾಣಿಯ ಗುಜರಿ ಅಂಗಡಿಗಳಲ್ಲಿ, ಹಳೆಯ ಎಂಜಿನ್ ರಿಪೇರಿ ಅಂಗಡಿಗಳಲ್ಲಿ. ತೆಲಸಂಗದಲ್ಲಿ ಒಬ್ಬರು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಅಪರೂಪದ ಮಷೀನಿಗೆ ಆಡು ಕಟ್ಟಿದ್ದರು. ಕೇಳಿದ್ದಕ್ಕೆ, ಅದು ಬಿಟ್ಟರೆ ಆಡು ತಡೆಯುವ ಭಾರದ ವಸ್ತು ಮನೆಯಲ್ಲಿಲ್ಲ ಎಂದರು.

ಮಷೀನುಗಳಿಂದ ನನಗೆ ಎಂದೂ ತಲೆನೋವಾಗಿಲ್ಲ. ತಲೆನೋವು ಅವುಗಳ ಮಾಲೀಕರಿಂದ. ಭೂಪಾಲನ ಪ್ರಕರಣವನ್ನು ನೆನೆದರೆ ಇವತ್ತಿಗೂ ನನ್ನ ಬಿ.ಪಿ. ಏರುತ್ತದೆ.

ಭೂಪಾಲ ಶೇಡಬಾಳದವನು, ನಲವತ್ತೈದರ ಆಸುಪಾಸು. ಕಬ್ಬು, ದ್ರಾಕ್ಷಿ ಎರಡೂ ಇರುವ ಜೈನ ಮನೆತನ. ಕಾಗವಾಡದಲ್ಲಿ ಹನಿ ನೀರಾವರಿ ಪೈಪು, ಔಷಧಿ ಹೊಡೆಯುವ ಪಂಪುಗಳ ಅಂಗಡಿ ತೆರೆಯುವವನಿದ್ದ. ಒಂದು ಬೆಳಿಗ್ಗೆ ಪಿಕಪ್ ಗಾಡಿಯಲ್ಲಿ ಗೋಣಿಚೀಲ ಹೊದಿಸಿದ ಏನನ್ನೋ ತಂದು ಇಳಿಸಿದ. ಚೀಲ ಸರಿಸಿ ನೋಡಿದರೆ ಎಂಟಿಂಚು ಕಲ್ಲಿನ ಹಳೆಯ ಗ್ರೈಂಡರ್. ಅದರ ಮೈಗೆಲ್ಲ ಬಂಗಾರದ ಬಣ್ಣ ಬಳಿದಿದ್ದ! ತುಕ್ಕನ್ನೂ ಕೆರೆಯದೆ, ಕಂಪನಿಯ ಹೆಸರಿನ ಹಿತ್ತಾಳೆ ಫಲಕವನ್ನೂ ಬಿಡದೆ, ವಯರಿನ ಮೇಲೂ ಬಳಿದಿದ್ದ.

“ನಮ್ಮ ಅಪ್ಪಾರದ್ರಿ ಕಾಕಾ,” ಅಂದ. “ಅಂಗಡಿ ಓಪನಿಂಗ್ ದಿನ ನಮ್ಮ ಅವ್ವನ ಕೈಲೆ ಇದನ್ನ ಚಾಲೂ ಮಾಡಸಬೇಕಂತ ಮಾಡೇನ್ರಿ. ಊರಾಗಿನ ಎಲ್ಲಾರ ಕೊಯ್ತಾ, ದ್ರಾಕ್ಷಿ ಕತ್ತರಿ ಅಪ್ಪಾರ ಇದರ ಮ್ಯಾಲ ಹಿಡದ ಕೊಡ್ತಿದ್ರು. ಅವರು ಹೋದ ಮ್ಯಾಲ ಯಾರೂ ಮುಟ್ಟಿಲ್ಲರಿ.”

ಹೇಳುತ್ತ ಅವನು ಮಷೀನಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಬಂಗಾರದ ಬಣ್ಣವನ್ನು ಆ ಕ್ಷಣದಲ್ಲಿ ನಾನು ಕ್ಷಮಿಸಿಬಿಟ್ಟೆ.

ಆದರೆ ‘ಯಾರೂ ಮುಟ್ಟಿಲ್ಲ’ ಎಂಬುದು ಸುಳ್ಳಾಗಿತ್ತು. ಅವನ ಚಿಕ್ಕಪ್ಪನ ಮಗ ಮಹಾವೀರ ಎಂಬ ಮಹಾಶಯ ಅದನ್ನು ಆಗಲೇ ರಿಪೇರಿ ಮಾಡಲು ಹೋಗಿದ್ದ. ಬೇರಿಂಗ್ ತೆಗೆಯಲು ಸುತ್ತಿಗೆಯಿಂದ ಹೊಡೆದು ಒಂದು ಕಡೆಯ ಬೀಡಿನ ಮುಚ್ಚಳ ಸೀಳಿದ್ದ. ಎಡಗಡೆಯ ನಟ್ಟಿನ ಅವಸ್ಥೆ ಇನ್ನೂ ಕೆಟ್ಟದ್ದು. ಗ್ರೈಂಡರಿನ ಬಲತುದಿಯ ನಟ್ಟು ಮಾಮೂಲಿನಂತೆ ಬಿಚ್ಚುತ್ತದೆ, ಎಡತುದಿಯದು ಉಲ್ಟಾ. ಕಲ್ಲು ತಿರುಗುವ ರಭಸಕ್ಕೆ ನಟ್ಟು ತಾನೇ ಸಡಿಲಾಗಬಾರದೆಂದು ಹಾಗೆ ಮಾಡಿರುತ್ತಾರೆ. ಇದು ತಿಳಿಯದ ಮಹಾವೀರ, ನಟ್ಟು ಬಿಚ್ಚುವ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಬಿಗಿಯಾಗುವ ಕಡೆಗೇ ತಿರುಗಿಸಿ ತಿರುಗಿಸಿ ನಟ್ಟಿನೊಳಗಿನ ಸುರುಳಿ ಆಟೆಗಳನ್ನು ತಿಂದುಹಾಕಿದ್ದ.

ಬಣ್ಣ ಕೆರೆದು, ಮುಚ್ಚಳಕ್ಕೆ ಬೀಡಿನ ವೆಲ್ಡಿಂಗ್ ಮಾಡಿಸಿ, ನಿಪ್ಪಾಣಿಯ ಲೇತಿನಲ್ಲಿ ಹೊಸ ನಟ್ಟು ಕೊರೆಸಿದೆ. ಮೋಟರಿನ ತಂತಿಯನ್ನು ಮತ್ತೆ ಸುತ್ತಿಸಿದೆ. ಕಲ್ಲಿನ ಮೇಲೆ ಟೋಪಿಯಂತೆ ಕೂರುವ ಕಬ್ಬಿಣದ ಗಾರ್ಡ್‌ಗಳು ಮಾತ್ರ ಇರಲಿಲ್ಲ. ಕಲ್ಲು ಒಡೆದರೆ ಚೂರುಗಳನ್ನು ತಡೆಯುವುದು ಅವೇ. ಫೋನು ಮಾಡಿ ಕೇಳಿದರೆ ಭೂಪಾಲ ಒಂದು ವಾರ ಹುಡುಕಿದ. ಒಂದು ಗಾರ್ಡು ದನದ ಕೊಟ್ಟಿಗೆಯಲ್ಲಿ ಸಿಕ್ಕಿತು, ಅದರಲ್ಲಿ ದನಕ್ಕೆ ಹಿಂಡಿ ಅಳೆದು ಹಾಕುತ್ತಿದ್ದರಂತೆ. ಇನ್ನೊಂದನ್ನು ನಾನೇ ದಪ್ಪ ತಗಡಿನಲ್ಲಿ ಮಾಡಿದೆ. ಈ ನಡುವೆ ಅವನು ದಿನ ಬಿಟ್ಟು ದಿನ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದ: “ಕಾಕಾ, ಆ ಗೋಲ್ಡನ್ ಕಲರ್ ಮತ್ತ ಹಚ್ತೀರಲ್ರಿ?”

ಕಡೆಗೆ ಉಳಿದದ್ದು ಕಲ್ಲುಗಳು. ಬಲಗಡೆಯ ಕಲ್ಲು ಸವೆದು ಅಂಗೈಯಷ್ಟಾಗಿತ್ತು, ಅದನ್ನು ತೆಗೆದಿಡಲು ಅವನೇ ಒಪ್ಪಿದ. ಎಡಗಡೆಯದು ಕಂದು ಬಣ್ಣದ ದೊಡ್ಡ ಕಲ್ಲು. ಅದರ ಒಂದು ಅಂಚು ಒಳಕ್ಕೆ ಸವೆದಿತ್ತು. ಭೂಪಾಲನ ತಂದೆ ಬದುಕಿಡೀ ಅದೇ ಅಂಚಿಗೆ ಕೊಯ್ತಾ ಹಿಡಿದದ್ದರ ಗುರುತು.

ಸಾಣೆಕಲ್ಲಿನ ಪರೀಕ್ಷೆ ಬಹಳ ಸರಳ. ನಡುವಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಕಲ್ಲನ್ನು ತೂಗಬಿಟ್ಟು, ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಡಪ್ ಎನ್ನುತ್ತದೆ. ಭೂಪಾಲನನ್ನು ಶೆಡ್ಡಿಗೆ ಕರೆಸಿ ಮೊದಲು ಹೊಸ ಕಲ್ಲು ತಟ್ಟಿದೆ, ಆಮೇಲೆ ಅವನ ತಂದೆಯ ಕಲ್ಲು. ಸದ್ದು ಡಪ್ ಎಂದು ಸತ್ತುಹೋಯಿತು.

“ಕೇಳಿದಿ ಇಲ್ಲೋ? ಇದು ಒಡದೈತಿ.”

“ಹಳೇದಲ್ರಿ ಕಾಕಾ. ಸ್ವಲ್ಪ ಧ್ವನಿ ಬಿದ್ದಿರ್ತೈತಿ.”

“ಅದೇನ ಭಜನಾ ಮಾಡೂದೈತೇನು, ಧ್ವನಿ ಬೀಳಾಕ?”

ನಾನು ಬಿಡಿಸಿ ಹೇಳಿದೆ. ಈ ಮೋಟರು ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. ಎಂಟಿಂಚು ಕಲ್ಲಿನ ಅಂಚು ಆಗ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಬಿರುಕು ಬಾಯಿಬಿಟ್ಟರೆ ಚೂರುಗಳು ಅದೇ ವೇಗದಲ್ಲಿ ಎದುರು ನಿಂತವರ ಮುಖಕ್ಕೆ, ಎದೆಗೆ. ಅವನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ. ಹೊಸ ಕಲ್ಲು ಹಾಕಲು ಒಪ್ಪಿದ. ಹಳೆಯದನ್ನು ಅಂಗಡಿಯ ಶೋಕೇಸಿನಲ್ಲಿ ಅಪ್ಪನ ಫೋಟೋ ಪಕ್ಕ ಇಡುತ್ತೇನೆ ಎಂದು ಕೇಳಿಕೊಂಡ. ಮತ್ತೆ ಯಾರೂ ಅದನ್ನು ಮಷೀನಿಗೆ ಹಾಕದಿರಲೆಂದು ನಾನು ಕೆಂಪು ಬಣ್ಣದಲ್ಲಿ ಅದರ ಎರಡೂ ಬದಿಗೆ ದೊಡ್ಡದಾಗಿ ಅಡ್ಡಗೆರೆ ಎಳೆದು ಕೊಟ್ಟೆ. ಎರಡೂ ಹೊಸ ಕಲ್ಲು ಕೂರಿಸಿ, ಗಾರ್ಡು ಬಿಗಿದು, ಅವನ ಕಣ್ಣೆದುರೇ ಓಡಿಸಿ ತೋರಿಸಿದೆ. ಬಂಗಾರದ ಬಣ್ಣ ಇಲ್ಲದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ಗಾಡಿ ಹತ್ತಿದ.

ಓಪನಿಂಗ್ ಒಂದು ಭಾನುವಾರ ಬೆಳಿಗ್ಗೆ ಇತ್ತು. ಸುಶೀಲಾಳನ್ನೂ ಕರೆದುಕೊಂಡು ಕಾಗವಾಡಕ್ಕೆ ಹೋದೆ. ಅಂಗಡಿಯ ಮುಂದೆ ಶಾಮಿಯಾನ, ರಂಗೋಲಿ, ನೆಂಟರು, ಡೀಲರುಗಳು. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಮನೆಯ ಮಕ್ಕಳೆಲ್ಲ ಕೂತಿದ್ದರು. ನಡುವೆ ಮೇಜು, ಅದರ ಮೇಲೆ ಚೆಂಡುಹೂವಿನ ಮಾಲೆ ಹಾಕಿದ ನಮ್ಮ ಗ್ರೈಂಡರ್. ಭೂಪಾಲನ ತಾಯಿ ಚಂದ್ರವ್ವ ಅದರ ಮುಂದೆ ನಿಂತು ಸ್ವಿಚ್ಚಿನ ಹತ್ತಿರ ಕೈ ಒಯ್ಯುತ್ತಿದ್ದರು. ಫೋಟೋದವನು ಇನ್ನೂ ಸ್ವಲ್ಪ ಹತ್ತಿರ ಬರಲು ಹೇಳುತ್ತಿದ್ದ.

ಎರಡೂ ಗಾರ್ಡು ಇರಲಿಲ್ಲ. ಎಡಗಡೆ ಕಂದು ಕಲ್ಲು!

ಚಪ್ಪಲಿ ಬಿಡುವುದನ್ನೂ ಮರೆತು ಮಕ್ಕಳ ನಡುವೆ ದಾಟಿಕೊಂಡು ಹೋಗಿ ಪ್ಲಗ್ಗು ಕಿತ್ತೆ. ವಾದ್ಯದವರು ನಿಲ್ಲಿಸಿಬಿಟ್ಟರು.

“ಕಾಕಾ! ಏನ ಮಾಡಾಕತ್ತೀರಿ? ಮುಹೂರ್ತ ಐತ್ರಿ!” ಭೂಪಾಲ ಓಡಿಬಂದ.

“ಗಾರ್ಡ್ ಯಾಕ ತಗದಿ?”

“ಫೋಟೋದಾಗ ಕಲ್ಲು ಕಾಣಂಗಿಲ್ಲರಿ.”

“ಆ ಕೆಂಪ ಗೆರಿ?”

“ಮಹಾವೀರ ಥಿನ್ನರ್ ಹಚ್ಚಿ ಒರಸ್ಯಾನ್ರಿ. ಕಾಕಾ, ಅಪ್ಪಾರ ಕಲ್ಲು ಬಿಟ್ಟು ಬ್ಯಾರೆ ಕಲ್ಲು ಅವ್ವ ಚಾಲೂ ಮಾಡಿದ್ರ ಅದಕ್ಕೇನ ಅರ್ಥ ಐತ್ರಿ? ನಿನ್ನಿ ಹತ್ತ ಮಿನಿಟ ಓಡಿಸಿ ನೋಡೇವಿ. ಏನೂ ಆಗಿಲ್ಲ.”

ಈ ಮಾತು ನನಗೆ ಹೊಸದಲ್ಲ. ನಿನ್ನೆ ಓಡಿದೆ, ಏನೂ ಆಗಿಲ್ಲ. ಕಾರ್ಖಾನೆಯಲ್ಲಿ ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಮಹಾವೀರ ಪಾನಾ ಹಿಡಿದು ಸಭೆಗೆ ಕೇಳುವಂತೆ ಹೇಳಿದ: “ಮನ್ಯಾಗಿನ ಕಾರ್ಯಾ ಕೆಡಸಾಕ ಬಂದಾರ ಬಿಡ್ರಿ. ಹೊಸಾ ಕಲ್ಲು ಮಾರಿ ಖಪಸಬೇಕಲ್ಲ ಅವರಿಗೆ.” ಯಾರೋ ನಕ್ಕರು. ಸುಶೀಲಾ ದೂರದಿಂದಲೇ ‘ಬರ್ರಿ, ಮನಿಗಿ ಹೋಗೂಣು’ ಎಂದು ಸನ್ನೆ ಮಾಡಿದಳು. ನನಗೂ ಹಾಗೇ ಅನ್ನಿಸಿತು. ಪ್ಲಗ್ಗು ನನ್ನ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಹೋದರೆ ಇವರು ಎರಡೇ ನಿಮಿಷದಲ್ಲಿ ಮತ್ತೆ ಚುಚ್ಚುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಬಿಡಲಿಲ್ಲ.

ಚಂದ್ರವ್ವ ನನ್ನತ್ತ ತಿರುಗಿದರು.

“ಫೋರಮನ್ರ, ಅದು ಒಡದೈತಿ ಅಂತ ನಿಮಗ ಖರೇ ಅನಸ್ತೈತೇನ್ರಿ?”

“ಅನಸೂದಲ್ಲ ಅವ್ವಾರ, ಒಡದೈತಿ. ನೀವು ಅದರ ಮುಂದ ನಿಂತೀರಿ. ಹಿಂದ ಮಕ್ಕಳ ಕುಂತಾವ.”

ಅವರು ಒಂದು ಸಲ ಮಕ್ಕಳನ್ನು ನೋಡಿದರು. “ಬಿಚ್ಚೋ ಭೂಪಾಲ ಅದನ್ನ,” ಅಂದರು. “ಒಡದು ನೋಡೂಣು. ಗಟ್ಟಿ ಇದ್ರ ಫೋರಮನ್ರಿಗಿ ನಾನ ಬೈತೀನಿ.”

“ಅವ್ವಾ, ಅಪ್ಪಾರ ಕಲ್ಲದು!”

“ಅವರ ಕಲ್ಲಂತ ನನಗ ಗೊತ್ತಿಲ್ಲೇನ? ನಾನ ಹೊಡೀತೀನಿ. ಬ್ಯಾರೆ ಯಾರೂ ಹೊಡೀಬ್ಯಾಡ್ರಿ.”

ಮಹಾವೀರ ಪಾನಾ ಹಾಕಿದ, ಸಿಟ್ಟಿನಲ್ಲಿ ಮತ್ತೆ ಅದೇ ತಪ್ಪು ಕಡೆಗೆ. ಅವನ ಕೈಯಿಂದ ಪಾನಾ ಕಸಿದುಕೊಂಡು ನಾನೇ ಬಿಚ್ಚಿದೆ. ಕಲ್ಲಿಗೂ ಕಬ್ಬಿಣದ ಬಿಲ್ಲೆಗೂ ನಡುವೆ ಇರಬೇಕಾದ ಕಾಗದದ ವಾಷರ್ ಕೂಡ ಹಾಕದೆ ಬಿಗಿದಿದ್ದ. ಗೋಣಿಚೀಲದ ಮೇಲೆ ಕಲ್ಲು ಇಟ್ಟೆವು. ಚಂದ್ರವ್ವ ಸೆರಗು ಸಿಕ್ಕಿಸಿಕೊಂಡು ಕೂತು, ಆ ಸವೆದ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಮರದ ಸುತ್ತಿಗೆ ಎತ್ತಿ ಒಂದೇ ಪೆಟ್ಟು ಹಾಕಿದರು. ಜೋರಾದ ಪೆಟ್ಟೂ ಅಲ್ಲ.

ಕಲ್ಲು ಎರಡು ಹೋಳಾಯಿತು.

ನಾನು ಒಂದು ಹೋಳನ್ನು ಎತ್ತಿ ಒಡೆದ ಮುಖ ತೋರಿಸಿದೆ. ಈಗಷ್ಟೇ ಒಡೆದ ಭಾಗ ಅಂಚಿನ ಹತ್ತಿರ ಬೆರಳಗಲ ಮಾತ್ರ. ಅದು ತಿಳಿಯಾಗಿ ಮಿನುಗುತ್ತಿತ್ತು. ನಡುವಿನ ತೂತಿನಿಂದ ಅಲ್ಲಿಯವರೆಗೆ ಉಳಿದದ್ದೆಲ್ಲ ಕಪ್ಪು. ವರ್ಷಗಟ್ಟಲೆ ಬಿರುಕಿನೊಳಕ್ಕೆ ಎಣ್ಣೆ, ಧೂಳು ಇಳಿದು ಮಸಿಗಟ್ಟಿತ್ತು. ಆ ಕಲ್ಲು ಬಹಳ ಹಿಂದೆಯೇ ಒಡೆದಿತ್ತು. ಬೆರಳಗಲದ ಅಂಚು ಅದನ್ನು ಹಿಡಿದುಕೊಂಡಿತ್ತು, ಅಷ್ಟೇ.

ಭೂಪಾಲ ಆ ಕಪ್ಪನ್ನು ಬೆರಳಿಂದ ಉಜ್ಜಿದ. ಬೆರಳಿಗೆ ಮಸಿ ಹತ್ತಿತು. ತಾಯಿ ನಿಂತಿದ್ದ ಜಾಗ ನೋಡಿದ, ಚಾಪೆ ನೋಡಿದ. ಅವನ ಮಗಳೂ ಅದೇ ಸಾಲಿನಲ್ಲಿ ಕೂತಿದ್ದಳು. ಹೋಗಿ ಅವಳನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ನಿಂತ.

“ನಿನ್ನಿ ನಾನೂ ಎದರಿಗೆ ನಿಂತಿದ್ನಿರಿ ಕಾಕಾ,” ಅಂದ.

“ಗೊತ್ತಪ,” ಅಂದೆ. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಹೋದವು.

ಅಂಗಡಿಯೊಳಗೆ ತೆಗೆದಿಟ್ಟಿದ್ದ ಹೊಸ ಕಲ್ಲು ಹಾಕಿ, ಎರಡೂ ಗಾರ್ಡು ಬಿಗಿದು, ಮಕ್ಕಳನ್ನು ಹಿಂದಕ್ಕೆ ಕಳಿಸಿ ಚಂದ್ರವ್ವನ ಕೈಯಿಂದಲೇ ಚಾಲೂ ಮಾಡಿಸಿದೆವು. ಮುಹೂರ್ತ ಮೀರಿತ್ತು, ಯಾರೂ ಕೇಳಲಿಲ್ಲ. ಭೂಪಾಲ ತಂದೆಯ ಹಳೆಯ ಕೊಯ್ತಾವನ್ನು ಕಲ್ಲಿಗೆ ಹಿಡಿದ. ಹಿಡಿದದ್ದು ತಪ್ಪು ಕೋನದಲ್ಲಿ, ಅಂಚು ಕಪ್ಪಾಗಿ ಕೆಟ್ಟಿತು. ಆದರೂ ಕಿಡಿ ಹಾರಿದ್ದು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಂದಿನ ವಾರವೇ ಫೋನು. “ಕಾಕಾ, ಆ ಎರಡೂ ಹೋಳು ಗೋಂದ ಹಚ್ಚಿ ಒಂದ ಮಾಡಿ ಕೊಡ್ತೀರೇನ್ರಿ? ಶೋಕೇಸಿಗೆ ಅಷ್ಟ!”

ಕೊಡುವುದಿಲ್ಲ ಎಂದೆ. ಬೇರೆ ಬೇರೆಯಾಗಿಯೇ ಇಡು, ಕಪ್ಪು ಮುಖ ಹೊರಗೆ ಕಾಣುವಂತೆ ಇಡು ಎಂದೆ. ಒಂದು ದಿನ ಮುನಿಸಿಕೊಂಡಿದ್ದ, ಆಮೇಲೆ ಹಾಗೇ ಇಟ್ಟ.

ಯಂತ್ರವನ್ನು ಸರಿಮಾಡಿದ ಮಾತ್ರಕ್ಕೆ ಮೆಕ್ಯಾನಿಕ್ಕಿನ ಕೆಲಸ ಮುಗಿಯಿತು ಎಂದು ನಾನು ಕಾರ್ಖಾನೆಯಲ್ಲಿದ್ದಷ್ಟು ಕಾಲ ನಂಬಿದ್ದೆ. ಅಲ್ಲ. ಸರಿಯಾದ ಯಂತ್ರವನ್ನು ಮಾಲೀಕನ ಪ್ರೀತಿಯೇ ಕೆಡಿಸದಂತೆ ಕಾಪಾಡುವುದೂ ಅದರೊಳಗೇ ಬರುತ್ತದೆ, ಮತ್ತು ಅದಕ್ಕೆ ಕೆಂಪು ಗೆರೆ ಸಾಲದು. ಈಗ ನನ್ನ ಶೆಡ್ಡಿನಲ್ಲಿ ಒಂದೇ ನಿಯಮ: ಡಪ್ ಎಂದ ಕಲ್ಲನ್ನು ಮಾಲೀಕನ ಎದುರೇ ಒಡೆಯುತ್ತೇನೆ, ಆಮೇಲೆ ಮಷೀನು ಕೊಡುತ್ತೇನೆ. ಕೆಲವರು ಕಣ್ಣೀರು ಹಾಕುತ್ತಾರೆ. ಭೋಜ ಊರಿನ ಒಬ್ಬರು ಮೊನ್ನೆ ಇಡೀ ಓಣಿಗೆ ಕೇಳುವಂತೆ ಕೂಗಾಡಿ, ನನ್ನ ವಂಶವನ್ನೆಲ್ಲ ಎತ್ತಿ ಬೈದು ಹೋದರು. ಸುಶೀಲಾ ಕದ ಹಾಕಿಕೊಂಡಳು. ಬೈಯಲಿ. ಬೈಯುವುದಕ್ಕೆ ಅವರಿಗೆ ಬಾಯಿ ಉಳಿದಿದೆಯಲ್ಲ, ನನಗೆ ಅಷ್ಟು ಸಾಕು.