ನಡುವಿನ ದರ
ಕೇಶ್ವಾಪುರದ ಹತ್ತಿ ದಲ್ಲಾಳಿ ಗುರುಶಿದ್ದಪ್ಪನವರು ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿಯೇ ಗುಟ್ಟಾಗಿ ದರ ತಿಳಿಸುತ್ತ, ಕೊಳ್ಳುವವರಿಗೂ ಮಾರುವವರಿಗೂ ನಡುವಿನ ದರ ಕುದುರಿಸುತ್ತಲೇ ಮುದುಕರಾದವರು. ಈಗ, ಮುಂದಾಗುವುದರ ಮೇಲೆ ಜನ ಪಣ ಕಟ್ಟುವ ಪೇಟೆಗಳ ದರವನ್ನು ಮೊಬೈಲಿನ ಎಐ ಏಜೆಂಟಿನಿಂದ ತರಿಸಿಕೊಳ್ಳುವುದೇ ಅವರ ಚಟ. ತಾವು ಮಾತ್ರ ಎಂದೂ ಪಣ ಕಟ್ಟಿದವರಲ್ಲ. “ಏಜೆಂಟ್ರ, ನಡುವಿನ ದರ ಎಷ್ಟೈತ್ರಿ?” ಎಂದು ತಮ್ಮ ಕಸುಬಿನವರನ್ನು ಕೇಳುವ ಮರ್ಯಾದೆಯಲ್ಲೇ ಕೇಳುತ್ತಾರೆ; ಮುಂಬೈಯಲ್ಲಿ ಮಳೆಯಾಗುವ ಸಾಧ್ಯತೆಗೆ ದರ ನೂರಕ್ಕೆ ಅರವತ್ತು ಎಂದು ಅದು ಹೇಳಿದರೆ ಕೇಶ್ವಾಪುರದ ಸುಡುಬಿಸಿಲಲ್ಲೇ ಛತ್ರಿ ಬಿಚ್ಚುತ್ತಾರೆ. ಇವತ್ತು ಆಸ್ಪತ್ರೆಯಲ್ಲಿ, ಎಚ್ಚರವಿಲ್ಲದೆ ಮಲಗಿದ ಹೆಂಡತಿ ಶರಣವ್ವನ ಪಕ್ಕ ಕೂತು, “ನಮ್ಮಾಕಿ ಮನಿಗೆ ಬರತಾಳೇನ್ರಿ? ಎಷ್ಟೈತಿ ದರ?” ಎಂದರು. “ಇದಕ್ಕೆ ಪೇಟೆಯೇ ಇಲ್ಲ. ಕೊಳ್ಳುವವರೂ ಮಾರುವವರೂ ಇಲ್ಲದ ಕಡೆ ನಡುವಿನ ದರ ಸಿಗುವುದಿಲ್ಲ” ಎಂದಿತು ಏಜೆಂಟು. ಗುರುಶಿದ್ದಪ್ಪನವರು ಮೊಬೈಲನ್ನು ಕಿಸೆಗೆ ಹಾಕಿದರು. ಹೆಗಲ ಟವೆಲ್ಲನ್ನು ಅವಳ ಕೈಮೇಲೆ ಹೊದಿಸಿ, ಕೆಳಗೆ ತಮ್ಮ ಕೈ ತೂರಿಸಿ, ಒಂದು ಬೆರಳಾದರೂ ಒತ್ತೀತೇನೋ ಎಂದು ಕಾಯುತ್ತ ಕೂತರು.