ಹೇಳಲು ಏನೂ ಇಲ್ಲದ ಸಾವಂತ್ರಮ್ಮ

ಚನ್ನಗಿರಿಯ ಸಂತೆ ಮೈದಾನದ ಮೂಲೆಯಲ್ಲಿ ಮೆಣಸಿನಕಾಯಿ ಬೋಂಡ ಕರಿಯುವ ಸಾವಂತ್ರಮ್ಮ ಬಾಯಿ ತೆಗೆದರೆ ಅತ್ತ ಹೊನ್ನಾಳಿಯಲ್ಲಿ ತುಂಗಭದ್ರೆ ಎರಡು ಗೇಣು ಹಿಂದೆ ಸರಿಯುತ್ತದೆ. ನ್ಯಾಮತಿಯ ನಾಯಿಗಳು ಎದ್ದು ಜಾಗ ಬದಲಾಯಿಸುತ್ತವೆ. ಜಗಳೂರು ದೂರ. ಅಲ್ಲಿಗೆ ಮಾತು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ, ಆದರೆ ಮುಟ್ಟುತ್ತದೆ. ಇಂಥ ಹೆಂಗಸಿನ ಹೆಸರಿನ ಮುಂದೆ ಕಳೆದ ಬೇಸಿಗೆಯಲ್ಲಿ ಒಂದು ಸಮೀಕ್ಷೆಯವರು ‘ಹೇಳಲು ಏನೂ ಇಲ್ಲ’ ಎಂದು ದಾಖಲು ಮಾಡಿಕೊಂಡು ಹೋದರು. ನಮ್ಮ ಕಡೆ ಸುಳ್ಳಿಗೆ ಬರವಿಲ್ಲ ನಿಜ. ಆದರೆ ಇಷ್ಟು ದೊಡ್ಡ ಸುಳ್ಳನ್ನು ಹೊರುವ ಲಾರಿಯನ್ನು ಇನ್ನೂ ಯಾವ ಕಂಪನಿಯೂ ತಯಾರಿಸಿಲ್ಲ.

ಸಾವಂತ್ರಮ್ಮ ಹುಟ್ಟಿದ್ದು ಕತ್ತಲಗೆರೆಯಲ್ಲಿ. ಹುಟ್ಟಿದ ಕೂಡಲೇ ಅತ್ತಳಂತೆ, ಆ ಅಳು ಕೇಳಿ ಸೂಲಗಿತ್ತಿ ತಾನೇನೋ ತಪ್ಪು ಮಾಡಿದೆ ಎಂದು ಕ್ಷಮೆ ಕೇಳಿದಳಂತೆ. ಮದುವೆಯಾಗಿ ಬಂದಿದ್ದು ಚನ್ನಗಿರಿಯ ಮಲ್ಲೇಶಪ್ಪನ ಮನೆಗೆ. ಬೋಂಡದ ಅಂಗಡಿ ಶುರು ಮಾಡಿದ್ದು ಅವನೇ. ಆದರೆ ಅವನು ಎಷ್ಟು ಮೌನಿ ಎಂದರೆ, ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದೆ ಗಿರಾಕಿಗಳು ಅವನ ಮುಂದೆಯೇ ನಿಂತು ಬೇರೆಯವರನ್ನು ಕೇಳುತ್ತಿದ್ದರು. ಹೊಸ ಮದುಮಗಳು ಅಂಗಡಿಗೆ ಬಂದ ಮೊದಲ ದಿನವೇ, ಕೈ ತೊಳೆಯದೆ ಮಂಡಕ್ಕಿಗೆ ಕೈ ಹಾಕಿದ ಒಬ್ಬ ದಲಾಲಿಗೆ ಅವನ ಕೈಯಿಂದ ಶುರು ಮಾಡಿ ಕುಲಗೋತ್ರದವರೆಗೆ ಬೈದಳು. ಮರುದಿನ ಅವನು ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬಂದ, ಬೈಸಿಕೊಳ್ಳಲು. ಅಂಗಡಿ ನಿಂತಿದ್ದು ಹಾಗೆ. ಅಡಿಕೆ ಸುಲಿಯುವ ಹೆಂಗಸರು, ಬಸ್ಸಿಗೆ ಕಾಯುವ ಮಾಸ್ತರರು, ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಮುದುಕರು, ಎಲ್ಲರೂ ತಮಗೆ ಬೈಯಲಾಗದವರ ಹೆಸರನ್ನು ಅವಳಿಗೆ ಒಪ್ಪಿಸುತ್ತಿದ್ದರು. ಅವಳು ಬೋಂಡ ಕರಿಯುತ್ತ ಅವರ ಪರವಾಗಿ ಬೈಯುತ್ತಿದ್ದಳು. ಮಲ್ಲೇಶಪ್ಪ ಈರುಳ್ಳಿ ಹೆಚ್ಚುತ್ತಿದ್ದ. ಅವನ ಕಣ್ಣಲ್ಲಿ ಸದಾ ನೀರು. ಅದು ಈರುಳ್ಳಿಯದೇ ಎಂದು ನಂಬುವವರು ನಂಬಬಹುದು.

ಇನ್ನು ಚಳವಳಿಗಳ ವಿಷಯ. ದಾವಣಗೆರೆ ಜಿಲ್ಲೆ ಹುಟ್ಟುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿಯ ಸೆರಗಿನಲ್ಲಿತ್ತು. ಜಗಳೂರು ಚಿತ್ರದುರ್ಗದ್ದು. ಇದೆಲ್ಲ ಆಗಿ ಒಂದು ತಲೆಮಾರು ಕಳೆದಿದೆ. ಆದರೂ ಅಡಿಕೆ ಮಂಡಿಯ ಓಂಕಾರಪ್ಪನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಶಿವಮೊಗ್ಗ ನೆನಪಾಯಿತು. ‘ಮರಳಿ ಶಿವಮೊಗ್ಗ’ ಎಂಬ ವೇದಿಕೆ ಕಟ್ಟಿ, ಸಂತೆ ಮೈದಾನದಲ್ಲಿ ಕೆಂಪು ಶಾಮಿಯಾನ ಹಾಕಿದ. ಅದು ಗೊತ್ತಾಗಿ ಹೊನ್ನಾಳಿಯ ಕಂಟ್ರಾಕ್ಟರ್ ಮಾಲತೇಶ್ ಅಲ್ಲಿಗೇ ಬಂದು ‘ಇದ್ದಲ್ಲೇ ಇರೋಣ’ ಸಮಿತಿ ಎಂದು ನೀಲಿ ಶಾಮಿಯಾನ ಹಾಕಿದ. ಒಂದರ ಬೆನ್ನಿಗೆ ಇನ್ನೊಂದು. ಎರಡರ ನಡುವೆ, ಮೈದಾನದ ಏಕೈಕ ಹೆಂಗಸರ ಶೌಚಾಲಯದ ಬಾಗಿಲು.

ಬಾಗಿಲಿಗೆ ಬಟ್ಟೆ, ಗಳ, ಹಗ್ಗ ಎಲ್ಲ ಅಡ್ಡ ಬಂದವು. ಸಾಲದ್ದಕ್ಕೆ ಎರಡೂ ಕಡೆಯವರು ಮೈಕು, ಕುರ್ಚಿ, ಬಾವುಟ ಇಡಲು ಅದನ್ನೇ ಉಗ್ರಾಣ ಮಾಡಿಕೊಂಡು, ಒಬ್ಬರನ್ನೊಬ್ಬರು ನಂಬದೆ ಎರಡು ಬೀಗ ಜಡಿದರು. ಜಿಲ್ಲೆಯ ಭವಿಷ್ಯದ ಬಗ್ಗೆ ಒಂದು ಮಾತಿಗೂ ಒಪ್ಪದ ಈ ಮಹನೀಯರು ಹೆಂಗಸರ ಪಾಯಿಖಾನೆಯನ್ನು ಹಂಚಿಕೊಳ್ಳುವಾಗ ಮಾತ್ರ ಅಣ್ಣತಮ್ಮಂದಿರಾದರು.

ಸಾವಂತ್ರಮ್ಮ ಮೊದಲು ಓಂಕಾರಪ್ಪನ ಬಳಿ ಹೋದಳು.

“ಏನ್ರೀ ಓಂಕಾರಪ್ಪ, ಶಿವಮೊಗ್ಗಕ್ಕೆ ಯಾವಾಗಾದ್ರೂ ಹೋಗ್ರಿ. ಮೊದ್ಲು ನಮ್ಮನ್ನ ಒಳಗೆ ಹೋಗಾಕೆ ಬಿಡ್ರಿ. ಸಂತೆಗೆ ಬಂದ ಹೆಂಗಸ್ರು ಎಲ್ಲಿಗೆ ಹೋಗಬೇಕು?”

“ತಂಗೀ, ನಮ್ದೇನೂ ಅಭ್ಯಂತರ ಇಲ್ಲ. ಆದ್ರೆ ನಾವು ಮೊದ್ಲು ಗಳ ಕಿತ್ರೆ ಚಳವಳಿ ವಾಪಸ್ ತಗಂಡ್ರು ಅಂತ ಮಾಲತೇಶ್ ಮೈಕಿನಾಗೆ ಕೂಗ್ತಾನೆ. ಅವ್ರು ಮೊದ್ಲು ಕೀಳ್ಲಿ.”

ಮಾಲತೇಶನ ಬಳಿ ಹೋದರೆ ಅದೇ ಮಾತು, ಹೆಸರು ಮಾತ್ರ ಬೇರೆ. ಜೊತೆಗೆ ಒಂದು ಸಮಾಧಾನ.

“ಗೆದ್ದ ಮೇಲೆ ಇಲ್ಲೇ ಹೈಟೆಕ್ ಟಾಯ್ಲೆಟ್ ಕಟ್ಟಿಸ್ತೀವಿ ಕಣಮ್ಮ. ಅಲ್ಲಿ ತನಕ ತಡ್ಕಳ್ಳಿ.”

“ನಿಮ್ಮವ್ವನಿಗೆ ಹೇಳಿ ನೋಡಪ್ಪ, ತಡ್ಕಾ ಅಂತ. ಎಷ್ಟು ತಿಂಗ್ಳು ತಡ್ಕಂತಾಳೋ ನೋಡನ.”

ಅವನು ನಕ್ಕು ಒಂದು ಪ್ಲೇಟು ಮಿರ್ಚಿ ಆರ್ಡರ್ ಮಾಡಿದ. ಬೈಗುಳಕ್ಕೆ ಒಗ್ಗಿಹೋದ ಊರಿನ ಕಷ್ಟವೇ ಇದು. ಅವಳು ನಿಜವಾಗಿ ಸಿಟ್ಟಾದರೂ ಜನ ಅದನ್ನು ಚಟ್ನಿಯ ಹಾಗೆ ನಂಜಿಕೊಳ್ಳುತ್ತಿದ್ದರು.

ಸಾವಂತ್ರಮ್ಮನ ಪಕ್ಕದಲ್ಲೇ ಸೊಪ್ಪು ಮಾರಲು ಕೂರುವವಳು ಬಸವಾಪಟ್ಟಣದ ಪುಷ್ಪಾವತಿ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಬಾಗಿಲು ಮುಚ್ಚಿದ ಮೇಲೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು, ತನ್ನ ಬಾಯಿಗೆ ಒಂದು ಹನಿ ಹಾಕುತ್ತಿರಲಿಲ್ಲ. ಆ ಬಿಸಿಲೋ, ಕೆರೆಯ ಮೀನು ಎದ್ದು ದಡದ ಮರದ ನೆರಳಿಗೆ ಬಂದು ಕೂರುವಂಥದ್ದು. ಒಂದು ಮಧ್ಯಾಹ್ನ ಪುಷ್ಪಾವತಿ ದಂಟಿನ ಸೊಪ್ಪಿನ ಮೇಲೆಯೇ ಒರಗಿದಳು. ಆಸ್ಪತ್ರೆಗೆ ಒಯ್ದರು. ಮೂತ್ರಕೋಶಕ್ಕೆ ಸೋಂಕಾಗಿ ಜ್ವರ ನೆತ್ತಿಗೇರಿದೆ, ಡ್ರಿಪ್ ಹಾಕಬೇಕು ಎಂದರು ಡಾಕ್ಟರು. ಇದರಲ್ಲಿ ನಾನು ಉತ್ಪ್ರೇಕ್ಷೆಯ ಒಂದು ಕಾಳೂ ಬೆರೆಸಿಲ್ಲ. ಬೆರೆಸುವ ಮನಸ್ಸು ಬರುವುದಿಲ್ಲ.

ಅದೇ ವಾರ ಸಮೀಕ್ಷೆ ಬಂತು. ಬೆಂಗಳೂರಿನ ಯಾವುದೋ ಕಂಪನಿ, ಎರಡು ಚಳವಳಿಗಳಲ್ಲಿ ಯಾವುದಕ್ಕೆ ಜನರ ಬೆಂಬಲ ಎಂದು ನಾಲ್ಕೂ ತಾಲ್ಲೂಕಿನಲ್ಲಿ ಕೇಳಲು ಹುಡುಗಿಯರ ಕೈಗೆ ಟ್ಯಾಬ್ ಕೊಟ್ಟು ಕಳಿಸಿತ್ತು. ಚನ್ನಗಿರಿಗೆ ಬಂದವಳು ಜಗಳೂರಿನ ಗಂಗೋತ್ರಿ, ಡಿಗ್ರಿ ಮುಗಿಸಿದ ಹುಡುಗಿ. ಅಲೆದು ಅಲೆದು ಅವಳ ನೆರಳೇ ಸುಸ್ತಾಗಿ ಅವಳಿಗಿಂತ ಹತ್ತು ಹೆಜ್ಜೆ ಹಿಂದೆ ಬರುತ್ತಿತ್ತು. ಬಂದವಳೇ ಬೆಂಚಿನ ಮೇಲೆ ಕೂತು ಮಂಡಕ್ಕಿ ಕೇಳಿದಳು.

“ಜನ ಏನಂತಾರವ್ವ?” ಎಂದಳು ಸಾವಂತ್ರಮ್ಮ.

“ಏನಂತಾರೆ ಅಮ್ಮಾ, ಹೊನ್ನಾಳ್ಯಾಗೆ ಮನೆಗೆ ಕರೆದು ಮಜ್ಜಿಗೆ ಕೊಟ್ಟು, ನೀನು ಯಾವ ಕಡೆಯಾಕಿ, ನಿಂಗೆ ಅನುಕೂಲ ಆಗೋದನ್ನೇ ಒತ್ಕಳವ್ವ ಅಂತಾರೆ. ಬಿಸಿಲಾಗೆ ಬಂದ ಹುಡುಗೀನ ಬ್ಯಾಸರ ಮಾಡಿ ಕಳಿಸ್ಬಾರ್ದಂತೆ. ನ್ಯಾಮತ್ಯಾಗೆ ಪಕ್ಕದ ಮನೆಯೋರು ಏನಂದ್ರು ಅಂತ ಮೊದ್ಲು ಕೇಳಿ, ಹಂಗಾದ್ರೆ ನಮ್ದು ಅದರ ಉಲ್ಟಾ ಅಂತಾರೆ. ನಮ್ಮೂರಾಗೆ ಕೇಳಿದ್ರೆ, ಶಿವಮೊಗ್ಗದ ಉಸಾಬರಿ ನಮಗ್ಯಾಕೆ, ನಾವು ದುರ್ಗದೋರು ಅಂತಾರೆ.”

“ಇದನ್ನೆಲ್ಲಾ ಬರ್ಕಂಡೇನು?”

“ಬರೆಯಾಕೆ ಜಾಗ ಇಲ್ಲ. ಮೂರು ಗುಂಡಿ ಅದಾವೆ, ಒತ್ತಬೇಕು ಅಷ್ಟೆ. ನಿಮ್ದು ಹೇಳ್ರಿ.”

ಸಾವಂತ್ರಮ್ಮ ಹೇಳಿದಳು. ಬಾಗಿಲಿನಿಂದ ಶುರು ಮಾಡಿದಳು. ಬೀಗಗಳ ಬಗ್ಗೆ ಹೇಳಿದಳು. ಗೋದಾಮಿನ ಗೋಡೆಯ ಹಿಂದೆ ಸೀರೆ ಅಡ್ಡ ಹಿಡಿದು ನಿಲ್ಲುವ ಮುದುಕಿಯರ ಬಗ್ಗೆ, ಶಾಲೆಯಿಂದ ಅಜ್ಜಿಯ ಬುಟ್ಟಿ ಕಾಯಲು ಬರುವ ಹೆಣ್ಣುಮಕ್ಕಳ ಬಗ್ಗೆ, ಪುಷ್ಪಾವತಿಯ ಡ್ರಿಪ್ಪಿನ ಬಗ್ಗೆ ಹೇಳಿದಳು. ಬಾಣಲೆಯ ಎಣ್ಣೆ ತಣ್ಣಗಾಗಿ ಮತ್ತೆ ತಾನೇ ನಾಚಿ ಬಿಸಿಯಾಯಿತು. ಹೊನ್ನಾಳಿ ಬಸ್ಸು ಬಂದು, ಹೋಗಿ, ಮತ್ತೆ ಬಂತು. ಗಂಗೋತ್ರಿ ಕೊನೆಗೆ ಏನೋ ಒತ್ತಿ, ಕೈ ಮುಗಿದು ಹೋದಳು.

ಫಲಿತಾಂಶ ಬಂದ ದಿನ ಎರಡೂ ಶಾಮಿಯಾನದವರು ಪಟಾಕಿ ಹೊಡೆದರು. ಒಂದಕ್ಕೆ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದಕ್ಕೆ ಕೂದಲೆಳೆಯಷ್ಟು ಕಡಿಮೆ. ಕಡಿಮೆಯವರು ಅದನ್ನು ನೈತಿಕ ಗೆಲುವು ಎಂದರು. ಸಾವಂತ್ರಮ್ಮನ ಎದುರಿನ ಸೈಕಲ್ ಅಂಗಡಿಯ ಟಿವಿಯಲ್ಲಿ ಕೋಟು ತೊಟ್ಟ ಒಬ್ಬ ಪಂಡಿತ ವಿವರಿಸುತ್ತಿದ್ದ. ಐವರಲ್ಲಿ ಒಬ್ಬರು ‘ಹೇಳಲು ಏನೂ ಇಲ್ಲ’ ಎಂದಿದ್ದಾರೆ, ಅದರಲ್ಲಿ ಬಹುಪಾಲು ಹೆಂಗಸರು, ಗ್ರಾಮೀಣ ಮಹಿಳೆಯರಲ್ಲಿ ರಾಜಕೀಯ ಪ್ರಜ್ಞೆ ಇನ್ನೂ ಮೂಡಬೇಕಾಗಿದೆ, ಇತ್ಯಾದಿ. ಅವನ ಹಿಂದೆ ಎಸಿ ಗುಂಯ್ ಎನ್ನುತ್ತಿತ್ತು. ಅವನು ನಿಂತ ಕಟ್ಟಡದಲ್ಲಿ ಮಹಡಿಗೆ ಎರಡೆರಡು ಶೌಚಾಲಯ ಇದ್ದಿರಬೇಕು.

ಗಂಗೋತ್ರಿ ಅಂದು ಊರಿಗೆ ಹೊರಟವಳು ಬಸ್ಸಿಗೆ ಮುಂಚೆ ಅಂಗಡಿಗೆ ಬಂದಿದ್ದಳು. ಸಾವಂತ್ರಮ್ಮ ಬೋಂಡ ಎತ್ತುವ ಜಾಲರಿ ಕೆಳಗಿಟ್ಟಳು.

“ನಂದು ಯಾವುದರಾಗೆ ಹಾಕ್ದೆ?”

ಹುಡುಗಿ ಸುಳ್ಳು ಹೇಳಲಿಲ್ಲ. “ಮೂರನೇದು ಒತ್ತಿದೆ ಅಮ್ಮಾ. ಬಾಗಿಲು ಅನ್ನೋದು ಅದ್ರಾಗೆ ಇರ್ಲಿಲ್ಲ.”

“ಬ್ಯಾರೆ ಹೆಂಗಸ್ರದ್ದು?”

“ಈ ಸಂತ್ಯಾಗೆ ಕೇಳಿದೋರೆಲ್ಲಾ ಅದನ್ನೇ ಅಂದ್ರು. ಬಾಗ್ಲು ತೆಗೆಸ್ರಿ ಅಂತ. ಎಲ್ಲಾರ್ದೂ ಮೂರನೇದಕ್ಕೇ ಹೋತು.”

ಸಾವಂತ್ರಮ್ಮ ಏನೂ ಅನ್ನಲಿಲ್ಲ. ಬೈಯಲೂ ಇಲ್ಲ. ಇಡೀ ಮೈದಾನ ತಲೆ ಎತ್ತಿ ನೋಡಿತು. ತುಂಗಭದ್ರೆ ಗಾಬರಿಬಿದ್ದು ಮೊದಲಿನ ಜಾಗಕ್ಕೆ ಬಂತು. ಮಲ್ಲೇಶಪ್ಪ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಹೆಂಡತಿಯ ಭಯವಾದದ್ದು ಅದೇ ಮೊದಲು.

ಇಲ್ಲಿ ಒಂದು ಮಾತು ತಿಳಿಸಬೇಕು. ಎರಡೂ ಕಡೆ ನಡೆಯುತ್ತಿದ್ದದ್ದು ಸರದಿ ಉಪವಾಸ. ದಿನಕ್ಕೊಂದು ಊರಿನವರು ಬೆಳಿಗ್ಗೆ ಹಾರ ಹಾಕಿಸಿಕೊಂಡು ಕೂರುವುದು, ಸಂಜೆ ಎಳನೀರು ಕುಡಿದು ಏಳುವುದು. ನಡುವೆ, ಮಧ್ಯಾಹ್ನ, ಶಾಮಿಯಾನದ ಹಿಂದಿನ ಬಟ್ಟೆಯ ಸೀಳಿನಿಂದ ಒಂದು ಕೈ ಹೊರಬರುತ್ತಿತ್ತು. ಮಲ್ಲೇಶಪ್ಪ ಆ ಕೈಗೆ ಮಿರ್ಚಿ ಮಂಡಕ್ಕಿಯ ಪೊಟ್ಟಣ ಇಡುತ್ತಿದ್ದ. ಕೆಂಪಿನಿಂದಲೂ ಕೈ, ನೀಲಿಯಿಂದಲೂ ಕೈ. ಉಪವಾಸ ಕೂತವರು ತೂಕ ಏರಿಸಿಕೊಂಡು ಮನೆಗೆ ಹೋದ ಚಳವಳಿ ಮೂರು ಲೋಕದಲ್ಲಿ ಇದೊಂದೇ. ಊರಿಗೆಲ್ಲ ಗೊತ್ತಿತ್ತು. ಯಾರೂ ಆಡಿಕೊಳ್ಳುತ್ತಿರಲಿಲ್ಲ. ಹಸಿದವರ ತುತ್ತಿನ ಬಗ್ಗೆ ಮಾತಾಡುವುದು ನಮ್ಮ ಕಡೆ ಮರ್ಯಾದೆಯಲ್ಲ.

ಮರುದಿನ ಮಧ್ಯಾಹ್ನ ಸೀಳಿನಿಂದ ಕೈ ಬಂತು. ಪೊಟ್ಟಣ ಬರಲಿಲ್ಲ. ಕೈ ಅತ್ತಿತ್ತ ತಡಕಾಡಿತು.

“ಮಲ್ಲೇಶಣ್ಣ, ಪಾರ್ಸಲ್” ಎಂದಿತು ಒಳಗಿನ ದನಿ.

ಮಲ್ಲೇಶಪ್ಪ ಸೀಳಿನ ಬಳಿ ಬಗ್ಗಿ, ಆ ವರ್ಷದ ತನ್ನ ಒಂದೇ ಒಂದು ಮಾತನ್ನು ಆಡಿದ. “ಇವತ್ತು ನೀವು ಉಪವಾಸ.”

ಸಾವಂತ್ರಮ್ಮನ ಮಾತು ಬೆಳಿಗ್ಗೆಯೇ ಮೈದಾನದ ಉಳಿದ ಹೆಂಗಸರಿಗೆ ಮುಟ್ಟಿತ್ತು. ಬಾಳೆಹಣ್ಣಿನವಳು ಬುಟ್ಟಿಗೆ ಗೋಣಿ ಹೊದಿಸಿದ್ದಳು. ಕಡಲೆಕಾಯಿಯವಳು, ಎಳನೀರಿನವಳು, ಟೀ ಫ್ಲಾಸ್ಕಿನವಳು ಎಲ್ಲರೂ ಬೆನ್ನು ತಿರುಗಿಸಿ ಕೂತಿದ್ದರು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆ ಉಪವಾಸ ಉಪವಾಸವಾಯಿತು. ಗಂಟೆ ಮೂರಾಗುವಷ್ಟರಲ್ಲಿ ಕೆಂಪು ಶಾಮಿಯಾನದಲ್ಲಿ ಒಬ್ಬರಿಗೆ ಶಿವಮೊಗ್ಗ ಮರೆತುಹೋಗಿತ್ತು. ನೀಲಿಯಲ್ಲಿ ಇದ್ದಲ್ಲೇ ಇರೋಣ ಎಂದವರು ಇದ್ದಲ್ಲಿ ಇರಲಾರದೆ ಒದ್ದಾಡುತ್ತಿದ್ದರು. ಹೊಟ್ಟೆಗಳ ಗುಡುಗಿಗೆ ಮಳೆ ಬಂತೆಂದು ಕತ್ತಲಗೆರೆಯಲ್ಲಿ ಒಣಗಲು ಹರವಿದ್ದ ಅಡಿಕೆ ಒಳಗೆ ತಂದರಂತೆ.

ಓಂಕಾರಪ್ಪ, ಮಾಲತೇಶ್ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದರು. ಇಬ್ಬರೂ ಒಟ್ಟಿಗೆ ನಡೆದದ್ದನ್ನು ಊರು ಅಂದೇ ಮೊದಲ ಸಲ ನೋಡಿದ್ದು.

“ಏನಮ್ಮಾ ಇದು, ಸಣ್ಣ ವಿಷಯಕ್ಕೆ” ಎಂದ ಓಂಕಾರಪ್ಪ.

“ಸಣ್ಣದು ಹೌದ್ರಿ. ಪುಷ್ಪಾವತಿ ಆಸ್ಪತ್ರ್ಯಾಗೆ ಸಣ್ಣಗಾಗ್ಯಾಳೆ, ನೋಡ್ಕಂಡು ಬರ್ರಿ. ಈಗ ನಾನೊಂದು ಸಮೀಕ್ಷೆ ಮಾಡ್ತೀನಿ. ಬಾಗ್ಲು ತೆಗೀತೀರೋ, ತೆಗೆಯಲ್ವೋ? ಎರಡೇ ಗುಂಡಿ. ಮೂರನೇದಿಲ್ಲ.”

“ತೆಗೀತೀವಿ. ಆದ್ರೆ ಅವರು ಮೊದ್ಲು...” ಎಂದ ಮಾಲತೇಶ್.

“ಯಾರೂ ಮೊದಲಲ್ಲ. ಇಬ್ರೂ ಗಳ ಹಿಡ್ಕಂಡು ನಿಲ್ರಿ. ನಾನು ಬಾಣಲೆಗೆ ಬಡಿದಾಗ ಕೀಳ್ರಿ. ಯಾವನಾದ್ರೂ ತಡ ಮಾಡಿದ್ರೆ, ಇಷ್ಟು ದಿನ ಸೀಳಿನಾಗೆ ಯಾರ್ಯಾರ ಕೈ ಬಂತು ಅಂತ ಉಂಗುರದ ಗುರುತು ಸಮೇತ ಟಿವಿಯೋರಿಗೆ ಹೇಳ್ತೀನಿ. ಆವಾಗ ನಂಗೆ ಹೇಳಾಕೆ ಏನೈತೆ ಏನಿಲ್ಲ ಗೊತ್ತಾಗ್ತದೆ.”

ಓಂಕಾರಪ್ಪ ತನ್ನ ಹವಳದ ಉಂಗುರವನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡ.

ಜಾಲರಿ ಬಾಣಲೆಗೆ ಬಡಿಯಿತು. ಗಳಗಳು ಎದ್ದವು. ಕೆಂಪು ನೀಲಿ ಎರಡೂ ಒಂದೇ ಸಲ ನೆಲಕ್ಕೆ ಬಂದವು. ಬೀಗ ತೆಗೆದು ಬಾಗಿಲು ತಳ್ಳಿದರೆ, ಒಳಗೆ ಎರಡೂ ಚಳವಳಿಗಳ ಬಾವುಟಗಳು ಒಂದರ ಮೇಲೊಂದು ಸುಖವಾಗಿ ಮಲಗಿದ್ದವು. ಹೆಂಗಸರು ಅವನ್ನು ಹೊರಗೆ ಎಸೆದು, ನೀರು ಸುರಿದು, ಪೊರಕೆ ಹಾಕಿ ತೊಳೆದರು. ಯಾವ ಗಂಡಸೂ ಒಂದು ಕೊಡ ನೀರು ಹೊರಲಿಲ್ಲ. ಆದರೆ ಸಂಜೆಗೆ ಎರಡು ಬ್ಯಾನರ್ ಎದ್ದವು. ‘ಮಹಿಳೆಯರ ಘನತೆ ಕಾಪಾಡಿದ ನಮ್ಮ ಹೋರಾಟಕ್ಕೆ ಜಯ’ ಎಂದು ಒಂದು. ಇನ್ನೊಂದರಲ್ಲೂ ಅದೇ, ಬಣ್ಣ ಬೇರೆ.

ಪುಷ್ಪಾವತಿ ಆಸ್ಪತ್ರೆಯಿಂದ ಬಂದು ಮತ್ತೆ ಸೊಪ್ಪಿನ ಮುಂದೆ ಕೂತಳು. ಪಕ್ಕದಲ್ಲಿ ತುಂಬಿದ ಬಾಟಲಿ. ಶೌಚಾಲಯಕ್ಕೆ ಹೊಸ ಬೀಗ ಬಂತು, ಅದರ ಕೀಲಿ ಸಾವಂತ್ರಮ್ಮನ ಅಂಗಡಿಯ ಮೊಳೆಗೆ ಬಂತು. ಹಗಲೆಲ್ಲ ಬಾಗಿಲು ತೆರೆದೇ ಇರುತ್ತದೆ.

ಮುಂದಿನ ಸಂತೆಗೆ ಗಂಗೋತ್ರಿ ಮತ್ತೆ ಬಂದಳು. ಕೈಯಲ್ಲಿ ಅದೇ ಟ್ಯಾಬ್. ಮೊದಲು ಆ ಬಾಗಿಲೊಳಗೆ ಹೋಗಿ ಬಂದು, ಮುಖ ತೊಳೆದುಕೊಂಡು, ಆಮೇಲೆ ಬೆಂಚಿನ ಮೇಲೆ ಕೂತಳು.

“ಹೊಸ ಸಮೀಕ್ಷೆ ಅಮ್ಮಾ. ಹೆಂಗಸ್ರ ಶೌಚಾಲಯ ತೆಗೆಸಿದ ಶ್ರೇಯಸ್ಸು ಯಾರಿಗೆ ಅಂತ ಕೇಳಾಕೆ ಹೇಳ್ಯಾರೆ. ಮರಳಿ ಶಿವಮೊಗ್ಗ, ಇದ್ದಲ್ಲೇ ಇರೋಣ...” ಎಂದು ಓದಿ, ಮೂರನೆಯದನ್ನು ಓದದೆ ತಲೆ ತಗ್ಗಿಸಿದಳು.

“ಒತ್ತಬ್ಯಾಡ” ಎಂದಳು ಸಾವಂತ್ರಮ್ಮ.

“ಏನಾದ್ರೂ ಒತ್ತದೆ ಇದು ಮುಂದಕ್ಕೆ ಹೋಗಲ್ಲಮ್ಮ. ಇಲ್ಲೇ ನಿಂತಿರ್ತದೆ.”

“ನಿಂತಿರ್ಲಿ. ಆ ಬಾಗ್ಲ ಮುಂದೆ ಎರಡು ತಿಂಗ್ಳು ನಾವೂ ಹಿಂಗೇ ನಿಂತಿದ್ವಿ. ತಡ್ಕಳ್ಳಾಕೆ ಹೇಳು ಅದಕ್ಕೆ.”

ಗಂಗೋತ್ರಿ ಟ್ಯಾಬನ್ನು ಬೆಂಚಿನ ಮೇಲೆ ಕವುಚಿಟ್ಟು ಮಂಡಕ್ಕಿಗೆ ಕೈ ಚಾಚಿದಳು. ಕೈ ತೊಳೆದಿದ್ದಳೋ ಇಲ್ಲವೋ ಎಂದು ಸಾವಂತ್ರಮ್ಮ ಶುರು ಮಾಡಿದಳು.